ಬೆಟ್ಟದ ಗಾಳಿಯೂ ಬಸಿರಿನೊಳಗಿನ ಹೃದಯವೂ

ಪ್ರಶ್ನೆ: ನಮ್ಮ ಮನೆ ಮಡಿಕೇರಿ ಹತ್ತಿರದ ಕಾಫಿ ತೋಟದಲ್ಲಿ. ಚೊಚ್ಚಲ ಬಸಿರು, ಈಗ 31 ವಾರ ತುಂಬಿದೆ. ಹೋದ ವಾರ ಗ್ರೋತ್ ಸ್ಕ್ಯಾನ್ ಮಾಡಿಸಿದಾಗ ಮಗುವಿನ ತೂಕ ವಾರಕ್ಕೆ ತಕ್ಕಷ್ಟಿಲ್ಲ, ಡಾಪ್ಲರ್‌ನಲ್ಲಿ ಹೊಕ್ಕುಳಬಳ್ಳಿಯ ರಕ್ತದ ಹರಿವು ಸ್ವಲ್ಪ ಕಡಿಮೆ, ಮಗುವಿಗೆ ಆಮ್ಲಜನಕ ಸಾಲದೆ ಇರಬಹುದು ಅಂದರು. ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ನನ್ನ ಹಿಮೋಗ್ಲೋಬಿನ್ 9.2. ಅತ್ತೆ ‘ಈ ಎತ್ತರದಲ್ಲಿ ಗಾಳಿ ತೆಳು, ಪುತ್ತೂರಿಗೆ ತವರಿಗೆ ಇಳಿದುಬಿಡು’ ಅನ್ನುತ್ತಾರೆ. ಆಮ್ಲಜನಕ ಕಡಿಮೆಯಾದರೆ ಮಗುವಿನ ಹೃದಯದಲ್ಲಿ ತೂತಾಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ನಿಜವೇ? ಈ ಮಗು ಮುಂದೆ ಹೃದ್ರೋಗಿ ಆಗುತ್ತದೆಯೇ? ವಿಟಮಿನ್ ಸಿ ಮಾತ್ರೆ ತೆಗೆದುಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ, ಅದರ ಜೊತೆಗೆ ಆಮ್ಲಜನಕದ ಒತ್ತಡ, ಕರಾವಳಿಯಲ್ಲಿ ಇರುವುದರ ಶೇಕಡಾ 87ರಷ್ಟು. ಆದರೆ ರಕ್ತದ ಲೆಕ್ಕ ಗಾಳಿಯ ಲೆಕ್ಕದಂತಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಹಾಕುವ ಆಕ್ಸಿಮೀಟರ್ ಮನೆಯಲ್ಲಿದ್ದರೆ ನೋಡಿ. ಪುತ್ತೂರಿನಲ್ಲೂ ಮಡಿಕೇರಿಯಲ್ಲೂ ಆರೋಗ್ಯವಂತರ ಬೆರಳು 97, 98 ಎಂದೇ ತೋರಿಸುತ್ತದೆ. ಗಾಳಿ ಇಷ್ಟು ತೆಳುವಾದರೂ ನಮ್ಮ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ತುಂಬಿಯೇ ಹೊರಡುತ್ತದೆ. ವೈದ್ಯರು ‘ಎತ್ತರದ ಪ್ರದೇಶ’ ಎಂದು ಕರೆಯುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ನಮ್ಮ ತಡಿಯಂಡಮೋಳ್ ಬೆಟ್ಟದ ತುದಿಯೇ 1,748 ಮೀಟರ್. ಅಮೆರಿಕದ ಕೊಲರಾಡೊದಲ್ಲಿ ಲೆಕ್ಕ ಹಾಕಿದಾಗ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಹುಟ್ಟುವ ಮಗುವಿನ ಸರಾಸರಿ ತೂಕ ಸುಮಾರು 100 ಗ್ರಾಂ ಇಳಿಯುತ್ತದೆ ಎಂದು ಕಂಡಿತ್ತು. ಆ ಲೆಕ್ಕವನ್ನು ಇಲ್ಲಿಗೆ ತಂದರೂ ನೂರು ಗ್ರಾಂ ಆಚೀಚೆ. ಹೊಕ್ಕುಳಬಳ್ಳಿಯ ಹರಿವು ಕಡಿಮೆ ಆಗಿರುವುದಕ್ಕೆ ಅದು ಕಾರಣವಲ್ಲ. ಕಾರಣ ಇನ್ನೂ ಹತ್ತಿರದಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ವಿಷಯ ಕೇಳಿದರೆ ಅತ್ತೆಯವರಿಗೂ ಆಶ್ಚರ್ಯವಾದೀತು. ಹೊಟ್ಟೆಯೊಳಗಿನ ಮಗು ಎಲ್ಲಿದ್ದರೂ ಎವರೆಸ್ಟ್ ಮೇಲೆಯೇ ಇರುತ್ತದೆ. ಕೇಂಬ್ರಿಜ್‌ನ ಶರೀರಶಾಸ್ತ್ರಜ್ಞ ಜೋಸೆಫ್ ಬಾರ್ಕ್ರಾಫ್ಟ್ ಕಳೆದ ಶತಮಾನದ ಮೊದಲರ್ಧದಲ್ಲೇ ಕೊಟ್ಟ ಹೋಲಿಕೆ ಇದು. ಸಮುದ್ರಮಟ್ಟದಲ್ಲಿರುವ ದೊಡ್ಡವರ ಅಪಧಮನಿಯಲ್ಲಿ ಆಮ್ಲಜನಕದ ಒತ್ತಡ ಪಾದರಸದ ಅಳತೆಯಲ್ಲಿ ಹತ್ತಿರಹತ್ತಿರ 95–100 ಮಿಲಿಮೀಟರ್ ಇದ್ದರೆ, ಮಾಸಿನಿಂದ (ಪ್ಲಾಸೆಂಟಾ) ಮಗುವಿನ ಕಡೆಗೆ ಹೊರಡುವ ಅತಿ ಶುದ್ಧ ರಕ್ತದಲ್ಲೇ ಅದು 30–35. ಮಗುವಿನ ಮೈಯಲ್ಲಿ ಹರಿಯುವ ರಕ್ತದಲ್ಲಿ ಇನ್ನೂ ಕಡಿಮೆ, 25ರ ಆಸುಪಾಸು. ದೊಡ್ಡವರ ರಕ್ತದಲ್ಲಿ ಈ ಸಂಖ್ಯೆ ಕಂಡರೆ ನಾವು ಐಸಿಯುಗೆ ಓಡುತ್ತೇವೆ. ಮಗು ಮಾತ್ರ ಆರಾಮಾಗಿ ಒದೆಯುತ್ತಾ ಇರುತ್ತದೆ. ಅದರ ಹಿಮೋಗ್ಲೋಬಿನ್ನೇ ಬೇರೆ ಜಾತಿಯದು. ಕಡಿಮೆ ಒತ್ತಡದಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಪ್ರಮಾಣವೂ ಹೆಚ್ಚು, ದಿನ ತುಂಬುವ ಹೊತ್ತಿಗೆ 16–17 ಗ್ರಾಂ ಇರುತ್ತದೆ. ಮೊದಲ ವಾರಗಳಲ್ಲಂತೂ ಈ ಬಡತನವೇ ಬೇಕು. ಆಮ್ಲಜನಕ ಕಡಿಮೆ ಎಂಬ ಸೂಚನೆ ಸಿಕ್ಕಿದಾಗಲೇ ರಕ್ತನಾಳಗಳು ಟಿಸಿಲೊಡೆಯುತ್ತವೆ, ಹೃದಯದ ಗೋಡೆಗಳು ಆಕಾರ ಪಡೆಯುತ್ತವೆ.

ಹಾಗಾದರೆ ಕೊರತೆ ಅಂದರೆ ಏನು? ನಮ್ಮ ಅಳತೆಗೆ ಕಡಿಮೆ ಇರುವುದು ಕೊರತೆಯಲ್ಲ. ಮಗು ತನ್ನ ಅಳತೆಗಿಂತಲೂ ಕೆಳಗೆ ವಾರಗಟ್ಟಲೆ ಇಳಿದರೆ ಅದು ಕೊರತೆ.

ಈಗ ತೂತಿನ ಮಾತು. ಗರ್ಭ ನಿಂತು ಸುಮಾರು 22ನೇ ದಿನಕ್ಕೆ ಹೃದಯ ಮಿಡಿಯಲು ತೊಡಗುತ್ತದೆ. ಎಂಟು ವಾರ ಆಗುವಷ್ಟರಲ್ಲಿ ನಾಲ್ಕು ಕೋಣೆ, ನಡುವಿನ ಗೋಡೆ, ಕವಾಟಗಳು ಕಟ್ಟಿ ಮುಗಿದಿರುತ್ತವೆ. ಕಟ್ಟಿ ಮುಗಿದ ಗೋಡೆಗೆ 31ನೇ ವಾರದಲ್ಲಿ ಹರಿವು ಕಡಿಮೆಯಾದ ಮಾತ್ರಕ್ಕೆ ಹೊಸ ತೂತು ಬೀಳುವುದಿಲ್ಲ. ನಿಮಗೆ 18–20ನೇ ವಾರದ ಅನಾಮಲಿ ಸ್ಕ್ಯಾನ್ ಆಗಿರುತ್ತದೆ, ಅದರಲ್ಲಿ ಹೃದಯದ ನಾಲ್ಕು ಕೋಣೆ ಸರಿಯಿದೆ ಎಂದು ಬರೆದಿದ್ದಾರಾ ನೋಡಿ. ಸಂಶಯ ಉಳಿದರೆ ಮಗುವಿನ ಹೃದಯದ ಎಕೋ ಮಾಡಿಸಬಹುದು.

ಇನ್ನೊಂದು ಗೊಂದಲವನ್ನು ಈಗಲೇ ಬಗೆಹರಿಸಿಬಿಡುತ್ತೇನೆ, ಹೆರಿಗೆಯಾದ ಮೇಲೆ ಖಂಡಿತ ಯಾರಾದರೂ ಎತ್ತುತ್ತಾರೆ. ಹೊಟ್ಟೆಯೊಳಗಿರುವ ಪ್ರತಿ ಮಗುವಿನ ಹೃದಯದಲ್ಲೂ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ ಇರುತ್ತದೆ. ಶ್ವಾಸಕೋಶದ ನಾಳಕ್ಕೂ ಮಹಾಪಧಮನಿಗೂ ನಡುವೆ ಒಂದು ಒಳದಾರಿಯೂ ಇರುತ್ತದೆ. ಮಾಸಿನಿಂದ ಬರುವ ಒಳ್ಳೆಯ ರಕ್ತ ಆ ಕಿಂಡಿಯ ಮೂಲಕ ಎಡಕ್ಕೆ ದಾಟಿ ಮೊದಲು ಹೃದಯದ ಸ್ನಾಯುವಿಗೆ ಮತ್ತು ಮಿದುಳಿಗೆ ಹೋಗುತ್ತದೆ. ಮನೆಗೆ ಬಂದ ನೆಂಟರಿಗೆ ಮೊದಲು ಬಡಿಸಿದ ಹಾಗೆ. ಹುಟ್ಟಿದ ಮೇಲೆ ಒಳದಾರಿ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಮುಚ್ಚಿಕೊಳ್ಳುತ್ತದೆ. ಕಿಂಡಿ ನಿಧಾನ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ದೊಡ್ಡವರಾದ ಮೇಲೂ ಸಣ್ಣಗೆ ಉಳಿದಿರುತ್ತದೆ. ಶಿಶುವಿನ ಎಕೋ ವರದಿಯಲ್ಲಿ ‘ಪಿಎಫ್‌ಒ’ ಎಂದು ಕಂಡರೆ ಬಹುತೇಕ ಅದು ಈ ಕಿಂಡಿಯೇ. ಆಂಡಿಸ್ ಪರ್ವತ, ಟಿಬೆಟ್ ಪ್ರಸ್ಥಭೂಮಿಯಂಥ ನಿಜವಾದ ಎತ್ತರದಲ್ಲಿ ಹುಟ್ಟುವ ಮಕ್ಕಳಲ್ಲಿ ಆ ಒಳದಾರಿ ಮುಚ್ಚದೆ ಉಳಿಯುವುದು ಹೆಚ್ಚು. ನೆರೆಯವರ ಮಾತಿಗೆ ಮೂಲ ಎಲ್ಲಾದರೂ ಇದ್ದರೆ ಅಲ್ಲಿದೆ, ಕೊಡಗಿನಲ್ಲಿ ಅಲ್ಲ.

ತೂತು ಬೀಳುವುದಿಲ್ಲ ಎಂದ ಮಾತ್ರಕ್ಕೆ ಹೃದಯಕ್ಕೆ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆಗುವುದು ಬೇರೆ ರೀತಿಯಲ್ಲಿ, ಸ್ಕ್ಯಾನಿನ ಪರದೆಯ ಮೇಲೆ ಸುಲಭವಾಗಿ ಕಾಣದ ರೀತಿಯಲ್ಲಿ.

ಆಮ್ಲಜನಕ ಇಳಿದ ಕೂಡಲೇ ಮಗುವಿನ ಕುತ್ತಿಗೆಯ ರಕ್ತನಾಳದ ಬಳಿ ಇರುವ ಪುಟ್ಟ ಕಾವಲುಗಾರ ಕೋಶಗಳು ಎಚ್ಚರಿಸುತ್ತವೆ. ಹೃದಯದ ಬಡಿತ ಸ್ವಲ್ಪ ಇಳಿಯುತ್ತದೆ, ಕೈಕಾಲು, ಕರುಳು, ಮೂತ್ರಪಿಂಡದ ನಾಳಗಳು ಬಿಗಿಯುತ್ತವೆ, ಇದ್ದ ರಕ್ತವೆಲ್ಲ ಮಿದುಳು, ಹೃದಯ ಮತ್ತು ಅಡ್ರಿನಲ್ ಗ್ರಂಥಿಗೆ ತಿರುಗುತ್ತದೆ. ಕೆಲವು ನಿಮಿಷಗಳಿಗೆ ಇದು ಬಹಳ ಒಳ್ಳೆಯ ಉಪಾಯ. ವಾರಗಟ್ಟಲೆ ಹೀಗೇ ನಡೆದರೆ ಹೃದಯ ಎರಡು ಕಡೆಯಿಂದ ಸಿಕ್ಕಿಹಾಕಿಕೊಳ್ಳುತ್ತದೆ. ಬಿಗಿದ ನಾಳಗಳ ವಿರುದ್ಧ, ಗಟ್ಟಿಯಾದ ಮಾಸಿನ ವಿರುದ್ಧ ಹೆಚ್ಚು ಒತ್ತಿ ತಳ್ಳಬೇಕು. ತಳ್ಳಲು ಬೇಕಾದ ಆಮ್ಲಜನಕ ಮಾತ್ರ ಕಡಿಮೆ.

ಇಲ್ಲಿ ನೀವು ತೋಟದವರಾದ್ದರಿಂದ ಹೂಮಳೆ ನೆನಪಿಸಿಕೊಳ್ಳಿ. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು, ಅದರ ಹಿಂದೆ ಇನ್ನೊಂದು ಮಳೆ ಬಂದರೆ ಗಿಡದಲ್ಲಿ ಎಷ್ಟು ಕಾಯಿ ಎನ್ನುವುದು ತೀರ್ಮಾನವಾಗಿಬಿಡುತ್ತದೆ. ಜೂನ್ ಮಳೆ ಕಾಯಿಯನ್ನು ದಪ್ಪ ಮಾಡಬಹುದು, ಕಾಯಿಯ ಸಂಖ್ಯೆ ಹೆಚ್ಚಿಸಲಾರದು. ಹೃದಯದ ಸ್ನಾಯುಕೋಶಗಳದ್ದೂ ಇದೇ ಕಥೆ. ಬಸಿರಿನಲ್ಲಿ ಅವು ಒಡೆದು ಒಡೆದು ಎರಡಾಗುತ್ತವೆ. ಹುಟ್ಟುವ ಆಸುಪಾಸಿನಲ್ಲಿ ಬಹುಪಾಲು ಕೋಶಗಳು ಒಡೆಯುವುದನ್ನು ನಿಲ್ಲಿಸುತ್ತವೆ. ಆಮೇಲೆ ಹೃದಯ ಬೆಳೆಯುವುದು ಮುಖ್ಯವಾಗಿ ಇದ್ದ ಕೋಶಗಳು ದಪ್ಪವಾಗುವುದರಿಂದ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಇಂಗಾಲ-14ನ್ನೇ ಗಡಿಯಾರವಾಗಿ ಬಳಸಿ 2009ರಲ್ಲಿ ಲೆಕ್ಕ ಹಾಕಿದರು. 25ರ ವಯಸ್ಸಿನಲ್ಲಿ ವರ್ಷಕ್ಕೆ ಹೃದಯದ ಕೇವಲ 1 ಶೇಕಡಾ ಸ್ನಾಯುಕೋಶಗಳು ಹೊಸದಾಗುತ್ತವೆ, 75ಕ್ಕೆ ಅರ್ಧ ಶೇಕಡಾಕ್ಕಿಂತ ಕಡಿಮೆ. ಬಾಂಬಿನಿಂದ ಮನುಷ್ಯನಿಗೆ ಆದ ಒಂದೇ ಒಂದು ಉಪಕಾರ ಇದಿರಬೇಕು.

ಕುರಿ, ಇಲಿ, ಕೋಳಿಮರಿಗಳ ಮೇಲೆ ನಡೆದ ದಶಕಗಳ ಪ್ರಯೋಗಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಸಿಕ್ಕಿದೆ. ದೀರ್ಘಕಾಲ ಆಮ್ಲಜನಕ ಸಾಲದ ಭ್ರೂಣದ ಹೃದಯದಲ್ಲಿ ಕೋಶಗಳು ಒಡೆಯುವುದನ್ನು ಬೇಗ ನಿಲ್ಲಿಸುತ್ತವೆ, ಕೆಲವು ಸಾಯುತ್ತವೆ, ಉಳಿದವು ಕೊರತೆ ತುಂಬಲು ಉಬ್ಬುತ್ತವೆ. ನಡುನಡುವೆ ನಾರು ಸೇರಿ ಸ್ನಾಯು ಬಿರುಸಾಗುತ್ತದೆ. ಮಹಾಪಧಮನಿಯ ಗೋಡೆಯೂ ದಪ್ಪವಾಗುತ್ತದೆ. ಹೃದಯಾಘಾತದ ಹೊತ್ತಿನಲ್ಲಿ ಕೋಶವನ್ನು ಕಾಪಾಡುವ ಒಂದು ಪ್ರೋಟೀನಿನ ವಂಶವಾಹಿ ಹುಟ್ಟುವ ಮೊದಲೇ ಬೀಗ ಹಾಕಿಕೊಂಡು, ಇಲಿ ದೊಡ್ಡದಾದ ಮೇಲೂ ಬೀಗ ತೆರೆಯದೆ ಉಳಿದದ್ದನ್ನೂ ನೋಡಿದ್ದಾರೆ.

ಕೊರತೆಯ ಪ್ರಯೋಗಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಬೊಲಿವಿಯಾದ ಕೋಳಿಮೊಟ್ಟೆಯದು. ಬಡತನದಲ್ಲಿ ತಾಯಿಗೆ ಊಟವೂ ಕಡಿಮೆ, ಆಮ್ಲಜನಕವೂ ಕಡಿಮೆಯಾದರೆ ಮಗು ಸಣ್ಣದಾಗಿದ್ದು ಯಾವುದರಿಂದ ಎಂದು ಹೇಗೆ ಹೇಳುವುದು? ಕೇಂಬ್ರಿಜ್‌ನ ಡಿನೋ ಜುಸ್ಸಾನಿ ಮತ್ತು ಜೊತೆಗಾರರು ತಾಯಿಯನ್ನೇ ಲೆಕ್ಕದಿಂದ ತೆಗೆದರು. ಮೊಟ್ಟೆಯೊಳಗಿನ ಮರಿಗೆ ಊಟ ಆಗಲೇ ಕಟ್ಟಿಟ್ಟಾಗಿರುತ್ತದೆ, ಹೊರಗಿನಿಂದ ಬರಬೇಕಾದ್ದು ಗಾಳಿಯೊಂದೇ. ತಗ್ಗಿನ ಸಾಂತಾ ಕ್ರೂಸ್‌ನ ಕೋಳಿಗಳ ಮೊಟ್ಟೆಯನ್ನು ಸುಮಾರು 3,600 ಮೀಟರ್ ಎತ್ತರದ ಲಾ ಪಾಸ್‌ಗೆ ಒಯ್ದು ಕಾವಿಗೆ ಇಟ್ಟರು. ಮರಿಗಳು ಸಣ್ಣದಾದವು. ತಲೆತಲಾಂತರದಿಂದ ಲಾ ಪಾಸ್‌ನಲ್ಲೇ ಇದ್ದ ಕೋಳಿಗಳ ಮೊಟ್ಟೆಗಳು ಅಲ್ಲೇ ಅಷ್ಟೊಂದು ಸೊರಗಲಿಲ್ಲ, ತಗ್ಗಿಗೆ ಇಳಿಸಿದಾಗ ಇನ್ನೂ ಚೆನ್ನಾಗಿ ಬೆಳೆದವು. ಅತ್ತೆಯವರ ಸಿದ್ಧಾಂತ ಅಲ್ಲಿ ಅಕ್ಷರಶಃ ನಿಜವಾಯಿತು ನೋಡಿ. ಆದರೆ ಅದು ಮಡಿಕೇರಿಗಿಂತ ಮೂರುಪಟ್ಟು ಎತ್ತರದಲ್ಲಿ.

ಮನುಷ್ಯರಲ್ಲಿ ಇದರ ಸುಳಿವು ಸಿಕ್ಕ ಜಾಗಗಳಲ್ಲಿ ಒಂದು ನಿಮಗೆ ತೀರ ಹತ್ತಿರದ್ದು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನ ಹಳೆಯ ಜನನ ದಾಖಲೆ ಹಿಡಿದು ವೈದ್ಯ ಸಂಶೋಧಕ ಡೇವಿಡ್ ಬಾರ್ಕರ್ 1989ರಲ್ಲಿ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗದ ಸಾವು ಹೆಚ್ಚು ಎಂದು ತೋರಿಸಿದರು. ಭಾರತದಲ್ಲೂ ಹೀಗಿದೆಯೇ ಎಂದು ಹುಡುಕಿದಾಗ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದು ಜೋಪಾನವಾಗಿ ಇಟ್ಟ ಆಸ್ಪತ್ರೆಯೊಂದು ಮೈಸೂರಿನಲ್ಲೇ ಸಿಕ್ಕಿತು. ನಮ್ಮ ಹಿರಿಯರು ಮಿಷನ್ ಆಸ್ಪತ್ರೆ ಎನ್ನುತ್ತಿದ್ದ ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆಹಚ್ಚಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದರು. 45 ದಾಟಿದವರಲ್ಲಿ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರ ಪೈಕಿ 11 ಶೇಕಡಾ ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕಿಲೋ ಮೇಲ್ಪಟ್ಟು ಹುಟ್ಟಿದವರಲ್ಲಿ 3 ಶೇಕಡಾ.

ಈ ಸಂಖ್ಯೆ ಓದಿ ಗಾಬರಿಯಾಗಬೇಡಿ. ತಿರುಗಿಸಿ ಓದಿ. ಕಡಿಮೆ ತೂಕದವರಲ್ಲೂ ನೂರಕ್ಕೆ 89 ಮಂದಿಗೆ ಆ ಕಾಯಿಲೆ ಇರಲಿಲ್ಲ. ತೂಕ ಕಡಿಮೆಯಾಗಲು ಆಮ್ಲಜನಕ ಒಂದೇ ಕಾರಣವೂ ಅಲ್ಲ, ತಾಯಿಯ ಊಟ, ಸೋಂಕು, ಅವಧಿಗೆ ಮುಂಚಿನ ಹೆರಿಗೆ ಎಲ್ಲವೂ ಅದರಲ್ಲಿ ಸೇರಿದೆ. ಬಾರ್ಸಿಲೋನಾದ ತಂಡ 2010ರಲ್ಲಿ ಇನ್ನೂ ಹತ್ತಿರದಿಂದ ನೋಡಿತು. ಬಸಿರಿನಲ್ಲಿ ಬೆಳವಣಿಗೆ ಕುಂಠಿತವಾಗಿದ್ದ ಮಕ್ಕಳ ಹೃದಯ ಐದನೇ ವಯಸ್ಸಿನಲ್ಲಿ ನೀಳವಾಗಿರುವ ಬದಲು ಸ್ವಲ್ಪ ದುಂಡಗಿತ್ತು. ಒಂದು ಬಡಿತಕ್ಕೆ ಹೊರಹಾಕುವ ರಕ್ತ ತುಸು ಕಡಿಮೆ, ಬಡಿತ ತುಸು ಜಾಸ್ತಿ, ಬಿಪಿ ತುಸು ಹೆಚ್ಚು. ಆ ಮಕ್ಕಳು ರೋಗಿಗಳಲ್ಲ, ಓಡಾಡಿಕೊಂಡು ಆಡುವವರೇ. ಅವರ ಹೃದಯಕ್ಕೆ ಮುಂದಿನ ಕಷ್ಟಕಾಲಕ್ಕೆಂದು ಇಟ್ಟ ಗಂಟು ಸ್ವಲ್ಪ ಚಿಕ್ಕದು, ಅಷ್ಟೆ. ಅದೇ ತಂಡ ಆಮೇಲೆ ಗಮನಿಸಿದ್ದೇನೆಂದರೆ ಆರು ತಿಂಗಳು ದಾಟಿ ಎದೆಹಾಲು ಕುಡಿದವರಲ್ಲಿ ಈ ಬದಲಾವಣೆ ಕಡಿಮೆ.

ನಿಮ್ಮ ಡಾಪ್ಲರ್‌ಗೆ ಬರೋಣ. ಹೊಕ್ಕುಳಬಳ್ಳಿಯ ಅಪಧಮನಿಯನ್ನು ನೋಡುವಾಗ ಪರದೆಯ ಮೇಲೆ ಬೆಟ್ಟಸಾಲಿನ ಹಾಗೆ ಅಲೆಗಳು ಕಾಣುತ್ತವೆ. ಶಿಖರ ಹೃದಯ ತಳ್ಳಿದಾಗಿನದು, ಕಣಿವೆ ಅದು ವಿಶ್ರಮಿಸಿದಾಗಿನದು. ಮಾಸು ಮೆತ್ತಗಿದ್ದರೆ ಕಣಿವೆಯಲ್ಲೂ ರಕ್ತ ಮುಂದಕ್ಕೆ ಹರಿಯುತ್ತಲೇ ಇರುತ್ತದೆ, ಕಣಿವೆಯ ತಳ ಕೆಳಗಿನ ಗೆರೆಗಿಂತ ಎಷ್ಟೋ ಮೇಲಿರುತ್ತದೆ. ಮಾಸಿನ ನಾಳಗಳು ಗಟ್ಟಿಯಾದಂತೆ ಕಣಿವೆ ಇಳಿಯುತ್ತದೆ. ನಿಮ್ಮ ವರದಿಯ ‘ಸ್ವಲ್ಪ ಕಡಿಮೆ’ ಅಂದರೆ ಇದು. ಕಣಿವೆ ಗೆರೆಗೆ ತಾಗಿಬಿಟ್ಟರೆ ವಿಶ್ರಾಂತಿಯ ಹೊತ್ತಿನಲ್ಲಿ ಹರಿವೇ ನಿಂತಿತು ಎಂದರ್ಥ, ಆಗ ಸಾಮಾನ್ಯವಾಗಿ 34ನೇ ವಾರದ ಹೊತ್ತಿಗೆ ಮಗುವನ್ನು ಹೊರತೆಗೆಯುವ ಯೋಚನೆ ಬರುತ್ತದೆ. ಗೆರೆ ದಾಟಿ ಕೆಳಗೆ ಹೋದರೆ ರಕ್ತ ಹಿಂದಕ್ಕೆ ಹರಿಯುತ್ತಿದೆ, ಇನ್ನೂ ಬೇಗ. ವಾರಕ್ಕೊಮ್ಮೆ ಬನ್ನಿ ಎಂದಿರುವುದು ಈ ಕಣಿವೆಯನ್ನು ನೋಡುವುದಕ್ಕೆ. ಒಂದು ವಾರವೂ ತಪ್ಪಿಸಬೇಡಿ. ಆ ನಡುವೆ ಮಗುವಿನ ಒದೆತ ಕಡಿಮೆಯಾಯಿತು ಅನ್ನಿಸಿದರೆ ನಾಳೆ ನೋಡೋಣ ಅನ್ನದೆ ಅವತ್ತೇ ಹೋಗಿ. ಮಲಗುವಾಗ ಮಗ್ಗುಲಾಗಿ ಮಲಗಿ. ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ.

ಈ ಮಾಸು ಯಾಕೆ ಗಟ್ಟಿಯಾಗುತ್ತದೆ? ಬಸಿರಿನ ಮೊದಲರ್ಧದಲ್ಲಿ ಗರ್ಭಕೋಶದ ಸುರುಳಿ ನಾಳಗಳು ಅಗಲವಾಗಿ ತೆರೆದುಕೊಳ್ಳಬೇಕು, ಕೆಲವರಲ್ಲಿ ಪೂರ್ತಿ ತೆರೆಯುವುದಿಲ್ಲ. ಬಿಪಿ ಏರುವ ಬಸಿರುಗಳಲ್ಲೂ ಮೂಲ ಇದೇ, ಹಾಗಾಗಿ ನಿಮ್ಮ ಬಿಪಿ ಪ್ರತಿ ಭೇಟಿಯಲ್ಲೂ ನೋಡಿಸಿ. ತಲೆನೋವು, ಕಣ್ಣು ಮಂಜು, ಮುಖದ ಬಾವು ಕಂಡರೆ ಕಾಯಬೇಡಿ. ಇದು ನೀವು ಏನೋ ತಿಂದದ್ದರಿಂದ, ಭಾರ ಎತ್ತಿದ್ದರಿಂದ ಆದದ್ದಲ್ಲ.

ನಿಮ್ಮ ಕೈಯಲ್ಲಿ ಇರುವುದು ರಕ್ತಹೀನತೆ. ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ರಿಂದ 9.9 ಮಧ್ಯಮ ದರ್ಜೆ. 9.2 ಒಂದೇ ಆಗಿದ್ದರೆ ಮಗು ಸುಧಾರಿಸಿಕೊಳ್ಳುತ್ತಿತ್ತು. ಮಾಸು ಸೊರಗಿದ ಮೇಲೆ ಇದೂ ಸೇರಿದರೆ ಕಡಿದಾದ ದಾರಿಯಲ್ಲಿ ಅರ್ಧ ತುಂಬಿದ ಲಾರಿ ಕಳಿಸಿದ ಹಾಗೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ನುಂಗುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಯಾವುದರ ಜೊತೆ ನುಂಗುತ್ತೀರಿ? ಕೊಡಗಿನಲ್ಲಿ ನಾನು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ, ಉತ್ತರ ಹತ್ತರಲ್ಲಿ ಎಂಟು ಸಲ ‘ಕಾಫಿ ಕುಡಿದ ಮೇಲೆ’. ಕಾಫಿ, ಟೀ ಎರಡೂ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. ಒಂದೆರಡು ಗಂಟೆ ಅಂತರ ಬಿಡಿ, ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ನಮ್ಮ ಕಿತ್ತಳೆ ಸಿಕ್ಕಿದರೆ ಇನ್ನೂ ಒಳ್ಳೆಯದು. ವಾರಗಳು ಕಡಿಮೆ ಉಳಿದಿರುವುದರಿಂದ ನೇರ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಆಗುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗುವ ಆನುವಂಶಿಕ ಕಾಯಿಲೆ) ಪರೀಕ್ಷೆ ಆಗಿದೆಯೇ ಎಂದೂ ವಿಚಾರಿಸಿ. ನೀಲಗಿರಿ, ವಯನಾಡು ಸೀಮೆಯ ಗಿರಿಜನರಲ್ಲಿ ಅದು ಇದೆ, ತೋಟದ ಲೈನ್ ಮನೆಗಳಲ್ಲಿ ಇರುವ ತಾಯಂದಿರೂ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಹೊಗೆ. ಬೆಟ್ಟದ ಗಾಳಿಯನ್ನು ಬೈಯುವವರು ಬಚ್ಚಲ ಹಂಡೆಯ ಒಲೆಯನ್ನು ಬೈಯುವುದಿಲ್ಲ. ಸರಿಯಾಗಿ ಉರಿಯದ ಸೌದೆ, ಇದ್ದಿಲು, ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್, ಬೀಡಿ, ಎಲ್ಲದರಿಂದಲೂ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ. ಅದು ಆಮ್ಲಜನಕ ಕೂರಬೇಕಾದ ಜಾಗದಲ್ಲೇ ಕೂರುತ್ತದೆ, ಮಗುವಿನ ರಕ್ತದಲ್ಲಿ ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು ಸೇರಿಕೊಂಡು, ಬಿಡಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಬೆರಳಿನ ಆಕ್ಸಿಮೀಟರ್‌ಗೆ ಈ ಮೋಸ ಗೊತ್ತಾಗುವುದಿಲ್ಲ, ಆಗಲೂ 98 ಎನ್ನುತ್ತದೆ. ಕಕ್ಕಡದ ಮಳೆಯಲ್ಲಿ ಕಿಟಕಿ ಬಾಗಿಲು ಬಿಗಿದು, ಬಟ್ಟೆ ಒಣಗಲಿ ಎಂದು ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವ ಮನೆಗಳನ್ನು ನಾನು ನೋಡಿದ್ದೇನೆ. ಅಂಥದ್ದೊಂದು ಕೋಣೆಗೆ ಹೋದಾಗ ಮಂಚದ ಕೆಳಗೆ ಕೆಂಡದ ಬಾಣಲೆ, ಮೇಲೆ ಎಂಟು ತಿಂಗಳ ಬಸುರಿ, ‘ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತೆ ಡಾಕ್ಟ್ರೇ’ ಎಂದರು. ಬಾಗಿಲು ತೆರೆದು ಬಾಣಲೆ ಹೊರಗಿಟ್ಟ ಮಾರನೇ ದಿನ ತಲೆನೋವಿರಲಿಲ್ಲ. ಬಾಣಂತನದಲ್ಲೂ ಇದೇ ನಿಯಮ. ಮಗುವಿಗೆ ಸಾಂಬ್ರಾಣಿ ಹಾಕಲೇಬೇಕು ಎಂದು ಹಿರಿಯರು ಹಠ ಹಿಡಿದರೆ ಹೊರಗಿನ ಜಗಲಿಯಲ್ಲಿ ಹಾಕಿ ಪರಿಮಳ ಬರಲಿ ಎನ್ನಿ.

ವಿಟಮಿನ್ ಸಿ ಬಗ್ಗೆ. ಹಣ್ಣು ತಿನ್ನಿ, ದೊಡ್ಡ ಡೋಸಿನ ಮಾತ್ರೆ ಬೇಡ. ಇಲಿ, ಕುರಿಗಳಲ್ಲಿ ಅತಿ ಹೆಚ್ಚಿನ ಪ್ರಮಾಣ ಕೊಟ್ಟಾಗ ಕೊರತೆಯಲ್ಲಿ ಬೆಳೆದ ಹೃದಯ, ರಕ್ತನಾಳಗಳಿಗೆ ಒಳ್ಳೆಯದಾಗಿದೆ, ನೀವು ಓದಿರುವುದು ಬಹುಶಃ ಅದನ್ನೇ. ಬ್ರಿಟನ್ನಿನಲ್ಲಿ ಗರ್ಭಿಣಿಯರಿಗೆ ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ ಜೊತೆಗೆ ವಿಟಮಿನ್ ಇ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ, 2006ರ ಫಲಿತಾಂಶದಂತೆ, ಬಿಪಿಯ ತೊಂದರೆ ಕಡಿಮೆಯಾಗಲಿಲ್ಲ, ಕಡಿಮೆ ತೂಕದ ಮಕ್ಕಳು ಸ್ವಲ್ಪ ಹೆಚ್ಚೇ ಹುಟ್ಟಿದರು. ಮಾಸಿನ ಹರಿವು ಹೆಚ್ಚಿಸಲು ಸಿಲ್ಡೆನಾಫಿಲ್ ಎಂಬ ರಕ್ತನಾಳ ಹಿಗ್ಗಿಸುವ ಔಷಧಿ ಕೊಟ್ಟು ನೋಡಿದ ಡಚ್ ಪ್ರಯೋಗವನ್ನು ಶಿಶುಗಳಿಗೆ ಶ್ವಾಸಕೋಶದ ತೊಂದರೆಯಾಗಿ 2018ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆಮ್ಲಜನಕದ ಸಿಲಿಂಡರ್ ಮನೆಗೆ ತರುವ ಯೋಚನೆ ಯಾರಾದರೂ ಕೊಟ್ಟರೆ ಅದನ್ನೂ ಬಿಡಿ. ನಿಮ್ಮ ರಕ್ತದಲ್ಲಿ ಇರುವಷ್ಟು ಹಿಮೋಗ್ಲೋಬಿನ್ ಆಗಲೇ ಆಮ್ಲಜನಕದಿಂದ ತುಂಬಿದೆ, ಕಟ್ಟಿಕೊಂಡಿರುವುದು ದಾರಿ. ಈ ಸ್ಥಿತಿಗೆ ಇವತ್ತಿನವರೆಗೆ ಇರುವ ನಿಜವಾದ ಔಷಧಿ ಸರಿಯಾದ ದಿನ ಆರಿಸಿ ಹೆರಿಗೆ ಮಾಡಿಸುವುದು. ಬೇಗ ಮಾಡಿಸಬೇಕಾದರೆ ಮಗುವಿನ ಶ್ವಾಸಕೋಶ ಪಕ್ವವಾಗಲು ನಿಮಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಹೆದರಬೇಡಿ.

ಹುಟ್ಟಿದ ಮೇಲೆ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಕಾರ್ಡ್ ಎಸೆಯಬೇಡಿ. ಮೈಸೂರಿನ ಆ ಹಳೆಯ ಪುಸ್ತಕಗಳ ಹಾಗೆ ಅದು ನಲವತ್ತು ವರ್ಷದ ಮೇಲೂ ಕೆಲಸಕ್ಕೆ ಬರುತ್ತದೆ. ಎದೆಹಾಲು ಕೊಡಿ. ಸಣ್ಣ ಮಗು ಎಂದು ಅಜ್ಜಿಯರು ತುಪ್ಪ ಸಕ್ಕರೆ ತುರುಕಿ ಒಂದೇ ವರ್ಷದಲ್ಲಿ ಗುಂಡುಗುಂಡಾಗಿ ಮಾಡಲು ಹೊರಡುತ್ತಾರೆ, ತಡೆಯಿರಿ. ಕಡಿಮೆ ಕೋಶಗಳ ಹೃದಯಕ್ಕೆ ಬೊಜ್ಜು ಹೊರಿಸುವುದೇ ದೊಡ್ಡ ಅನ್ಯಾಯ. ಮಕ್ಕಳ ವೈದ್ಯರಿಗೆ ಬಸಿರಿನ ಕಥೆ ಹೇಳಿ, ವರ್ಷಕ್ಕೊಮ್ಮೆ ಮಗುವಿನ ಬಿಪಿ ನೋಡಲು ಕೇಳಿ. ಬಹಳ ಮಂದಿ ಮಕ್ಕಳಿಗೆ ಬಿಪಿ ನೋಡುವುದೇ ಇಲ್ಲ.

ಪುತ್ತೂರಿಗೆ ಹೋಗುವುದು ಬಿಡುವುದು ಗಾಳಿ ನೋಡಿ ತೀರ್ಮಾನಿಸಬೇಡಿ. ವಾರವಾರ ಡಾಪ್ಲರ್ ನೋಡುವವರು ಮತ್ತು ಎರಡು ಕಿಲೋಗಿಂತ ಸಣ್ಣ ಮಗುವನ್ನು ಸಾಕುವ ನವಜಾತ ಶಿಶು ಘಟಕ ಎಲ್ಲಿ ಹತ್ತಿರವೋ ಅಲ್ಲಿರಿ. ತವರಿನಲ್ಲಿ ಅಮ್ಮ ನೋಡಿಕೊಳ್ಳುತ್ತಾರೆ, ಅಲ್ಲಿಂದ ಮಂಗಳೂರೂ ದೂರವಲ್ಲ, ಹಾಗಾಗಿ ಅತ್ತೆಯವರ ಸಲಹೆ ಬೇರೆ ಕಾರಣಕ್ಕೆ ಸರಿಯೇ ಇರಬಹುದು. ಆದರೆ 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ರಸ್ತೆ ಮುಚ್ಚಿದ್ದು ನಿಮಗೂ ನೆನಪಿರಬೇಕು. ಇಳಿಯುವುದಾದರೆ ಈ ವಾರದ ಸ್ಕ್ಯಾನ್ ಮುಗಿಸಿ, ನಿಮ್ಮ ವೈದ್ಯರಿಂದ ಅಲ್ಲಿನವರಿಗೆ ಚೀಟಿ ಬರೆಸಿಕೊಂಡು, ಮಳೆ ಬಿಟ್ಟ ಹಗಲಿನಲ್ಲಿ ಇಳಿಯಿರಿ. ಒಮ್ಮೆ ಇಳಿದ ಮೇಲೆ ಹೆರಿಗೆಯಾಗುವವರೆಗೆ ಹತ್ತಿ ಇಳಿದು ಮಾಡಬೇಡಿ. ಸ್ಕ್ಯಾನಿನ ಫೈಲನ್ನು ಡಿಕ್ಕಿಯೊಳಗಿನ ಸೂಟ್‌ಕೇಸಿಗೆ ಹಾಕದೆ ಕೈಯಲ್ಲೇ ಇಟ್ಟುಕೊಳ್ಳಿ.